ಬಾಯಿ ತೆರೆದ ಕೌದಿ

ಆ ಮುಂಜಾನೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಸುರಪುರ ಠಾಣೆಯ ಮುಂದಿನ ಬೇವಿನ ಮರದ ಬುಡವಷ್ಟೇ ಕಾಣುತ್ತಿತ್ತು, ತಲೆ ಇರಲಿಲ್ಲ. ಕಾಲುವೆಗೆ ನೀರು ಬರುವ ಮೊದಲು ಈ ಸೀಮೆಗೆ ಇಂಥ ಮಂಜಿನ ಪರಿಚಯವಿರಲಿಲ್ಲ. ಚಳಿ ಎಂದರೆ ತುಟಿ ಒಡೆಸುವ ಒಣ ಚಳಿ, ಅಷ್ಟೆ. ಈಗ ಭತ್ತದ ಗದ್ದೆಗಳಿಂದ ಬಿಳಿ ಹಬೆ ಎದ್ದು ಊರೊಳಗೆ ಬರುತ್ತದೆ, ಬಿಸಿಲು ಬಲಿಯುವ ತನಕ ಜಾಗ ಬಿಡುವುದಿಲ್ಲ. 2019ರ ಜನವರಿ 21, ಸೋಮವಾರ. ಆ ಮಂಜಿನೊಳಗಿಂದ ಒಬ್ಬ ಹೆಂಗಸು ಬಂದು ಠಾಣೆಯ ಮೆಟ್ಟಿಲ ಮೇಲೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿದ್ದು ಮಂಜೋ ಕಣ್ಣೀರೋ ಪಹರೆಯವನಿಗೆ ತಿಳಿಯಲಿಲ್ಲ.

ಇನ್ಸ್‌ಪೆಕ್ಟರ್ ಚಂದ್ರಾಮಪ್ಪ ತಿಂಥಣಿಯವನು. ಕುರ್ಚಿಯಲ್ಲಿ ಕೂರುವ ಮುನ್ನ ಮನಸ್ಸಿನಲ್ಲಿ ತನ್ನೂರಿನ ಮೌನೇಶ್ವರನನ್ನು ನೆನೆದು, ಮೇಜು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ಅವನ ರೂಢಿ. ಆ ದಿನ ಹಾಗೆ ಕೈ ಒತ್ತಿಕೊಂಡು ಕಣ್ಣು ಬಿಡುವಷ್ಟರಲ್ಲಿ ಆ ಹೆಂಗಸು ಎದುರಿಗೆ ನಿಂತಿದ್ದಳು.

"ಹೆಸರು?"

"ತಿಮ್ಮವ್ವರಿ. ಬೋನಾಳ."

"ಏನಾಗ್ಯಾದ?"

"ಕಳುವಾಗ್ಯಾದ್ರಿ."

"ಏನು?"

"ಕೌದಿ."

ಪಕ್ಕದ ಮೇಜಿನಲ್ಲಿ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ರಾಜಾಸಾಬ ತಲೆ ಎತ್ತಿದ. ನಿವೃತ್ತಿ ಹತ್ತಿರವಾದ ಮನುಷ್ಯ, ಬಾಯಿ ಸುಮ್ಮನಿರದು. "ಕೌದಿ ಏನವ್ವ? ನಮ್ಮನ್ಯಾಗ ರಗಡ ಅದಾವ, ಒಂದು ಒಯ್ಯಿ. ಥಂಡಿ ಭಾಳ ಅದ."

"ನಿಮ್ಮ ಕೌದಿ ನಮ್ಮವ್ವಗ ನಡೆಯಂಗಿಲ್ರಿ," ಅಂದಳು ತಿಮ್ಮವ್ವ. "ಆಕಿ ಸಾಯಾಕತ್ಯಾಳ."

ರಾಜಾಸಾಬನ ಪೆನ್ನು ನಿಂತಿತು. ಎದ್ದು ಬೆಂಚು ಎಳೆದು ಕೊಟ್ಟ. ಚಂದ್ರಾಮಪ್ಪ ನೀರು ತರಿಸಿದ. ಅವಳು ಕುಡಿಯಲಿಲ್ಲ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತು ಹೇಳಿದಳು.

ಅವಳ ತಾಯಿ ದೇವಕಮ್ಮ ಕೂಲಿ ಮಾಡಿ ಬಾಳಿದವಳು. ಕಾಲುವೆ ತೋಡುವ ಕಾಲಕ್ಕೆ ಗಂಡ ಮರಿಲಿಂಗಪ್ಪ ಜ್ವರ ಬಂದು ಹೋದ. ಒಬ್ಬ ಮಗ ಗದ್ದೆಯಲ್ಲಿ ಹಾವು ಕಚ್ಚಿ ಹೋದ. ಇನ್ನೊಂದು ಗಂಡು ಕೂಸು ಅಂಬೆಗಾಲಿಡುವ ಮೊದಲೇ ಹೋಯಿತು. ಹೋದವರ ಬಟ್ಟೆಯನ್ನು ದೇವಕಮ್ಮ ಸುಡಲಿಲ್ಲ, ಹೊಳೆಗೆ ಬಿಡಲಿಲ್ಲ. ತುಣುಕು ಮಾಡಿ ಒಂದು ಕೌದಿಗೆ ಸೇರಿಸುತ್ತ ಬಂದಳು. ಅದು ಹೊದೆಯುವುದಕ್ಕಲ್ಲ. ತಾನು ಸತ್ತ ದಿನ ತನ್ನ ಮೇಲೆ ಹಾಕಿ ಮಣ್ಣಿಗಿಡಲಿಕ್ಕೆ.

"ಹೊದಿಯೋ ಕೌದಿಗೆ ನಮ್ಮ ಓಣ್ಯಾಗ ಹೊಲದು ಮುಗಿಸಿದ ದಿನಾನ ಮೂಲ್ಯಾಗ ರೊಟ್ಟಿ ತುಣುಕು ಇಟ್ಟು ಬಾಯಿ ಹೊಲೀತೀವ್ರಿ. ಕೌದಿ ಹಸದಿರಬಾರದು. ಮಣ್ಣಿಗೆ ಹೋಗೋ ಕೌದಿಗೆ ಹಂಗಿಲ್ಲ. ಅದರ ಒಂದು ಮೂಲಿ ತೆರದ ಇರತದ. ಮಣ್ಣು ಮಾಡೋ ದಿನ ಮನಿಯವರು ಅದರ ಬಾಯಾಗ ಕಡೀ ತುತ್ತು ಇಟ್ಟು ಹೊಲೀಬೇಕು. ಆಕೀ ಬುತ್ತಿ ಅದು."

"ಅದು ಸಿಗದಿದ್ರ?"

"ಬುತ್ತಿ ಇಲ್ಲದ, ನಮ್ಮಪ್ಪ ತಮ್ಮಂದಿರು ಯಾರೂ ಇಲ್ಲದ, ಒಬ್ಬಾಕೀನ ಹೋಗಬೇಕ್ರಿ." ತಿಮ್ಮವ್ವ ಲೋಟ ಕೆಳಗಿಟ್ಟಳು. "ನಿನ್ನಿ ಕೌದಿ ತೋರಸು ಅಂದ್ಳು. ಸಂದೂಕ ತೆರದ್ರ ಇಲ್ಲ. ಅದು ಬರೋತನ ಹೋಗಂಗಿಲ್ಲ ಅಂತ ಜೀವ ಹಿಡಕೊಂಡು ಕುಂತಾಳ. ಅನ್ನ ಇಳೀವಲ್ದು, ನೀರು ಇಳೀವಲ್ದು, ಜೀವ ಹೋಗವಲ್ದು. ನೋಡಾಕ ಆಗವಲ್ದು ಸಾಹೇಬ್ರ."

ಚಂದ್ರಾಮಪ್ಪನ ಇಪ್ಪತ್ತು ವರ್ಷದ ನೌಕರಿಯಲ್ಲಿ ಬೈಕು, ಎಮ್ಮೆ, ಪಂಪ್‌ಸೆಟ್ಟು, ಬಂಗಾರ ಕಳೆದುಕೊಂಡವರು ಬಂದಿದ್ದರು. ಸರಿಯಾಗಿ ಸಾಯಲಿಕ್ಕೆ ಬಿಡಿ ಎಂದು ಯಾರೂ ದೂರು ತಂದಿರಲಿಲ್ಲ.

"ರಾಜಾಸಾಬ್ರ, ಗುನ್ನೆ ದಾಖಲು ಮಾಡ್ರಿ. ಕಲಂ 380, ವಾಸದ ಮನೆಯಲ್ಲಿ ಕಳವು."

"ಮಾಲಿನ ಕಿಮ್ಮತ್ತು ಏನಂತ ಬರೀಲಿ ಸರ್?"

ಚಂದ್ರಾಮಪ್ಪ ತಿಮ್ಮವ್ವನತ್ತ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಹಳೆಯ ಕೌದಿ ಒಂದು ಅಂತ ಬರೀರಿ. ಕಿಮ್ಮತ್ತಿನ ಜಾಗ ಖಾಲಿ ಇರಲಿ."

*

ಬೋನಾಳ ಕೆರೆಯ ಮೇಲೆ ಆಗಷ್ಟೇ ಮಂಜು ಹರಿಯುತ್ತಿತ್ತು. ದೂರದಿಂದ ಬಂದ ಬಾತುಗಳು ನೀರಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಕೂತಿದ್ದವು. ತಿಮ್ಮವ್ವನ ಮನೆ ಊರ ಕೊನೆಯ ಓಣಿಯಲ್ಲಿತ್ತು. ಒಂದು ಪಡಸಾಲೆ, ಒಂದು ಒಳಕೋಣೆ. ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಒಳಕೋಣೆಯಲ್ಲಿ ತಗಡಿನ ಸಂದೂಕ. ಬೀಗ ಇಲ್ಲ, ಎಂದೂ ಇರಲಿಲ್ಲ. ಬಾಗಿಲು ಮುರಿದ ಗುರುತಿಲ್ಲ. ಸಂದೂಕದಲ್ಲಿ ಹೊಸ ಸೀರೆ ಎರಡು, ಬೆಳ್ಳಿಯ ಕಾಲುಂಗುರ, ರೇಶನ್ ಕಾರ್ಡು. ಯಾವುದನ್ನೂ ಮುಟ್ಟಿರಲಿಲ್ಲ. ಕೌದಿ ಇದ್ದ ಜಾಗ ಮಾತ್ರ ಖಾಲಿ.

"ಬೆಳ್ಳಿ ಬಿಟ್ಟು ಕೌದಿ ಒಯ್ಯೋ ಕಳ್ಳ," ರಾಜಾಸಾಬ ಮೆಲ್ಲಗೆ ಅಂದ. "ಇಂವ ಹೊರಗಿನಾಂವ ಅಲ್ಲ ಬಿಡ್ರಿ ಸರ್."

ದೇವಕಮ್ಮ ಪಡಸಾಲೆಯಲ್ಲಿ ಹೊರಸಿನ ಮೇಲಿದ್ದಳು. ಹೊರಸಿನಲ್ಲಿ ಮನುಷ್ಯರಿದ್ದಾರೆ ಎಂದು ಹೇಳಬೇಕಾದಷ್ಟು ಸಣ್ಣಗಾಗಿದ್ದಳು. ಚಂದ್ರಾಮಪ್ಪ ಟೋಪಿ ತೆಗೆದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಯಾರಪ್ಪ?"

"ಪೊಲೀಸ್ ಅದೀನಿ ಆಯಿ. ನಿನ್ನ ಕೌದಿ ಹುಡುಕಾಕ ಬಂದೀನಿ."

ಮುದುಕಿ ಕಣ್ಣು ಬಿಟ್ಟಳು. "ಜಲ್ದಿ ಹುಡುಕು. ನಾ ಕುಂತೀನಿ."

"ಎಷ್ಟು ದಿನ ಕುಂತಿರತಿ?"

"ನೀ ಎಷ್ಟು ದಿನಕ್ಕ ತರತಿ?"

ಅವಳ ಉಸಿರು ಎದೆಯಿಂದ ಬರುತ್ತಿರಲಿಲ್ಲ, ಕುತ್ತಿಗೆಯಿಂದ ಬರುತ್ತಿತ್ತು. ಹೊರಗೆ ಬಂದು ಅವನು ತಿಮ್ಮವ್ವನನ್ನು ವಿಚಾರಿಸಿದ.

"ಕೌದಿ ಕಡೀಗೆ ಕಂಡಿದ್ದು ಯಾವಾಗ?"

"ಭೋಗಿ ಹಬ್ಬದ ಹಿಂದಿನ ದಿನ್ರಿ. ಬಿಸಿಲಿಗೆ ಹಾಕಿ ಮಡಚಿ ಇಟ್ಟಿದ್ದೆ."

"ಆಮ್ಯಾಲ ಮನಿಗೆ ಯಾರು ಯಾರು ಬಂದಾರ?"

"ಓಣಿ ಹೆಣ್ಣಮಕ್ಕಳು. ಅವರು ಹೊರಸು ಬಿಟ್ಟು ಒಳಗ ಹೋಗಿಲ್ಲ. ಭಾಂಡೆ ಮಾರೋ ರಾಮಣ್ಣ ಬಂದಿದ್ದ, ಶಹಾಪುರದಾಂವ. ಹಳೇ ಬಟ್ಟಿ ತಗೊಂಡು ಸ್ಟೀಲಿನ ಬೋಗಾಣಿ ಕೊಡ್ತಾನ."

"ಮತ್ತ?"

"ಮತ್ತ ಯಾರಿಲ್ರಿ. ಹುಲಗಪ್ಪ ಒಬ್ಬ ಬಂದಿದ್ದ. ಅಂವ ಬಂದ ಲೆಕ್ಕಿಲ್ಲ, ಮನೀ ಮಗನ."

"ಯಾರಂವ?"

ಹುಲಗಪ್ಪ ಎದುರುಮನೆಯ ಹುಡುಗ. ತಂದೆ ತಾಯಿ ದುಡಿಯಲು ಪುಣೆಗೆ ಹೋದವರು ತಿರುಗಿ ಬರಲಿಲ್ಲ. ದೇವಕಮ್ಮನ ಮಡಿಲಲ್ಲೇ ಬೆಳೆದ. ಅವಳು ಕೌದಿ ಹೊಲಿಯುವಾಗ ದಾರ ಪೋಣಿಸಿ ಕೊಡುತ್ತ, ಆಮೇಲೆ ತಾನೇ ಹೊಲಿಯುತ್ತ ಕಲಿತ. ಕಲಬುರಗಿಯಲ್ಲಿ ಚಿತ್ರಕಲೆ ಓದಿ ಈಗ ಹೈದರಾಬಾದಿನಲ್ಲಿದ್ದಾನೆ. ಭೋಗಿಯ ದಿನ ಬಂದು ಆಯಿಯ ಕಾಲು ಒತ್ತುತ್ತ ಮಧ್ಯಾಹ್ನವೆಲ್ಲ ಕೂತಿದ್ದ. ಹೋಗುವಾಗ ತಿಮ್ಮವ್ವ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಕಟ್ಟಿ ಕೊಟ್ಟಿದ್ದಳು.

"ಅಂವ ಹೋಗುವಾಗ ನೀ ಎಲ್ಲಿದ್ದಿ?"

"ನೀರಿಗೆ ಹೋಗಿದ್ದೆ." ತಿಮ್ಮವ್ವನ ದನಿ ಗಡಸಾಯಿತು. "ಅವನ ಸುದ್ದಿ ಬಿಡ್ರಿ ಸಾಹೇಬ್ರ. ಅವ್ವ ಸತ್ರ ಹೆಗಲು ಕೊಡಾಂವ ಅಂವ ಒಬ್ಬನ."

ಚಂದ್ರಾಮಪ್ಪ ಬಿಡಲಿಲ್ಲ, ಹೆಚ್ಚು ಕೇಳಲೂ ಇಲ್ಲ. ಹೆಸರು ಬರೆದುಕೊಂಡ.

*

ಮರುದಿನ ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ರಾಮಣ್ಣ ಸಿಕ್ಕ. ಅವನ ಮನೆಯಲ್ಲಿ ಹಳೆಯ ಬಟ್ಟೆಯ ಗಂಟುಗಳು ಮಾಳಿಗೆ ಮುಟ್ಟುವಂತೆ ಪೇರಿಸಿದ್ದವು. ರಾಜಾಸಾಬ ಒಂದೊಂದೇ ಬಿಚ್ಚಿ ನೋಡುತ್ತ ಸೀನುತ್ತಿದ್ದ.

"ಬೋನಾಳದಾಗ ಕೌದಿ ತಗೊಂಡಿ?"

"ಸೀರಿ ತಗೋತೀನ್ರಿ, ಪ್ಯಾಂಟು ತಗೋತೀನಿ. ಕೌದಿ ಯಾರು ಕೊಡತಾರ?"

"ಯಾರರ ಕೊಟ್ರ?"

"ಹೊದಿಯೋ ಕೌದಿ ಆದ್ರ ತಗೋಬಹುದು. ಆ ಮುದುಕೀದು ಬಾಯಿ ತೆರದದ್ದು ಅಲ್ಲೇನ್ರಿ? ಇಡೀ ಓಣಿಗೆ ಗೊತ್ತದ. ಅದನ್ನ ನಾ ಮುಟ್ಟಂಗಿಲ್ಲ. ನನಗೂ ಹೆಂಡ್ರು ಮಕ್ಕಳು ಅದಾರ." ರಾಮಣ್ಣ ಕೈ ಜೋಡಿಸಿದ. "ನನಗ ಹೊಡೀರಿ ಬೇಕಾದ್ರ, ಆ ಮಾತು ಮಾತ್ರ ಅನಬ್ಯಾಡ್ರಿ."

"ಹೊಡಿಯಾಕ ನೀ ಏನು ಡೊಳ್ಳಾ?" ಎಂದು ರಾಜಾಸಾಬ ಮತ್ತೊಮ್ಮೆ ಸೀನಿದ.

ಸುಳ್ಳಾಡುವವನ ಕಣ್ಣಿನ ಭಯ ಬೇರೆ, ಕೆಟ್ಟದ್ದಕ್ಕೆ ಅಂಜುವವನ ಭಯ ಬೇರೆ. ಚಂದ್ರಾಮಪ್ಪ ಅವನ ಹೇಳಿಕೆ ಬರೆಸಿಕೊಂಡು ಬಿಟ್ಟ. ಉಳಿದದ್ದು ಹುಲಗಪ್ಪ. ಅವನ ಫೋನು ಸ್ವಿಚ್ ಆಫ್ ಆಗಿತ್ತು.

ಸುಳಿವು ತಂದವಳು ಮಹಿಳಾ ಕಾನ್‌ಸ್ಟೇಬಲ್ ಹಂಪಮ್ಮ. ಅವಳ ಅಣ್ಣ ರಂಗಂಪೇಟೆಯಲ್ಲಿ ಚಿತ್ರಕಲಾ ಮಾಸ್ತರ, ಹುಲಗಪ್ಪನಿಗೆ ಶಾಲೆಯಲ್ಲಿ ಕಲಿಸಿದವನು. ಹುಲಗಪ್ಪ ಎಲ್ಲಿದ್ದಾನೆ ಎಂದು ಅವಳು ಕೇಳಿದ್ದಕ್ಕೆ ಮಾಸ್ತರ ಹೆಮ್ಮೆಯಿಂದ ಒಂದು ಚಿತ್ರ ಕಳಿಸಿದ್ದ. ಹೈದರಾಬಾದಿನ ಬಂಜಾರಾ ಹಿಲ್ಸ್‌ನ ಒಂದು ಆರ್ಟ್ ಗ್ಯಾಲರಿಯ ಆಮಂತ್ರಣ. ಬುಧವಾರ ಸಂಜೆ ಪ್ರದರ್ಶನದ ಉದ್ಘಾಟನೆ. ಕಲಾವಿದ: ಹುಲಗಪ್ಪ ಬೋನಾಳ. ಹೆಸರಿನ ಕೆಳಗೆ ಬಿಳಿ ಗೋಡೆಯ ಮೇಲೆ ತೂಗುಬಿಟ್ಟ ಒಂದು ಕೌದಿ.

ಬುಧವಾರ ಬೆಳಿಗ್ಗೆ ಚಂದ್ರಾಮಪ್ಪ ರಾಜಾಸಾಬ, ಹಂಪಮ್ಮರೊಂದಿಗೆ ಬೋನಾಳಕ್ಕೆ ಹೋಗಿ ಫೋನಿನಲ್ಲಿದ್ದ ಆ ಚಿತ್ರವನ್ನು ತಿಮ್ಮವ್ವನಿಗೆ ತೋರಿಸಿದ. ಅವಳು ನೋಡಿ ತಲೆಯಾಡಿಸಿದಳು.

"ನಮ್ಮದಲ್ರಿ. ಇದರ ಬಾಯಿ ಹೊಲದಾರ."

"ಸರಿಯಾಗಿ ನೋಡು."

ಹಂಪಮ್ಮ ಬೆರಳಿನಿಂದ ಚಿತ್ರ ಹಿಗ್ಗಿಸಿದಳು. ನಡುವೆ ಕೆಂಪು ರುಮಾಲಿನ ತುಣುಕು. ಅದರ ಮಗ್ಗುಲಲ್ಲಿ ಖಾಕಿ ಚಡ್ಡಿಯ ಬಟ್ಟೆ. ಕೆಳಗೆ ಕೂಸಿನ ಕುಂಚಿಗೆಯ ಹೂವಿನ ಬಟ್ಟೆ. ತಿಮ್ಮವ್ವ ಒಂದೊಂದನ್ನೂ ಮುಟ್ಟಿದಳು. "ಅಪ್ಪ," ಅಂದಳು. "ತಮ್ಮ." ಮೂರನೆಯದರ ಮೇಲಿಂದ ಬೆರಳು ತೆಗೆಯಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕೂತಳು.

"ಇದು ಯಾರ ಕಡೆ ಅದ ಸಾಹೇಬ್ರ?"

ಚಂದ್ರಾಮಪ್ಪ ಹೇಳಿದ. ಅವಳು ಅಳಲಿಲ್ಲ. ಒಳಗೆ ಮುದುಕಿಯ ಉಸಿರಿನ ಸದ್ದು ಹೊರಗಿನ ತನಕ ಕೇಳುತ್ತಿತ್ತು.

"ಅವ್ವಗ ಅವನ ಹೆಸರು ಹೇಳಬ್ಯಾಡ್ರಿ," ಅಂದಳು.

ಹಂಪಮ್ಮನನ್ನು ಅಲ್ಲೇ ಬಿಟ್ಟು ಚಂದ್ರಾಮಪ್ಪ, ರಾಜಾಸಾಬ ಯಾದಗಿರಿಗೆ ಹೋಗಿ ಮಧ್ಯಾಹ್ನದ ರೈಲು ಹಿಡಿದರು.

*

ಗ್ಯಾಲರಿ ಎಂದರೆ ಒಂದು ಹಳೆಯ ಬಂಗಲೆ, ಒಳಗೆಲ್ಲ ಬಿಳಿ. ಸ್ಥಳೀಯ ಠಾಣೆಗೆ ತಿಳಿಸಿ, ಅಲ್ಲಿನ ಒಬ್ಬ ಕಾನ್‌ಸ್ಟೇಬಲ್‌ನನ್ನು ಜೊತೆ ಮಾಡಿಕೊಂಡು ಇಬ್ಬರೂ ಸಾದಾ ಉಡುಪಿನಲ್ಲಿ ಒಳಗೆ ಬಂದಾಗ ಇನ್ನೂ ಸಂಜೆಯ ಬೆಳಕಿತ್ತು. ಕೈಯಲ್ಲಿ ತೆಳ್ಳನೆಯ ಗ್ಲಾಸು ಹಿಡಿದ ಜನ. ಅತ್ತರು, ನಗು, ಕ್ಯಾಮೆರಾ. ಗೋಡೆಗಳ ಮೇಲೆ ಹುಲಗಪ್ಪನ ಕೆಲಸಗಳು: ಬಟ್ಟೆಯ ಮೇಲೆ ದಾರದಲ್ಲಿ ಹೊಲಿದ ಕಾಲುವೆ, ತೂಬು, ಭತ್ತ ನಾಟಿಗೆ ಬಗ್ಗಿದ ಹೆಂಗಸರ ಬೆನ್ನು. ಒಳ್ಳೆಯ ಕೈ ಎಂದು ಚಂದ್ರಾಮಪ್ಪನಿಗೂ ತಿಳಿಯಿತು. ಆದರೆ ಜನ ಅವುಗಳ ಮುಂದೆ ನಿಲ್ಲದೆ, ಮಾತಾಡುತ್ತಲೇ ಸಾಗಿ ಹೋಗುತ್ತಿದ್ದರು.

ಕೊನೆಯ ಗೋಡೆಗೆ ಬಂದಾಗ ಅವರ ಮಾತು ತಾನಾಗಿ ನಿಲ್ಲುತ್ತಿತ್ತು. ಅಲ್ಲಿ ಇಡೀ ಗೋಡೆಗೆ ಒಂದೇ ಕೌದಿ. ಪಕ್ಕದ ಚೀಟಿಯಲ್ಲಿ ಹುಲಗಪ್ಪನ ಹೆಸರು. ಅದರ ಮೇಲೆ ಕೆಂಪು ಚುಕ್ಕೆ.

"ಆ ಚುಕ್ಕಿ ಏನ್ರಿ?" ರಾಜಾಸಾಬ ಪಕ್ಕದವನನ್ನು ಕೇಳಿದ. ಮಾರಾಟವಾಗಿದೆ ಎಂದರ್ಥ, ದುಬೈಗೆ ಹೋಗುತ್ತದಂತೆ ಎಂದು ಅವನು ಹೇಳಿದ.

"ಯಾ ಅಲ್ಲಾ," ಎಂದ ರಾಜಾಸಾಬ. "ಮುದುಕಿ ಬೋನಾಳದಾಗ ಕುಂತಾಳ, ಆಕೀ ಗಂಡಾ ಮಕ್ಕಳು ದುಬೈಗೆ ಹೊಂಟಾರ."

ಚಂದ್ರಾಮಪ್ಪ ಕೌದಿಯ ಹತ್ತಿರ ಹೋದ. ಎಡಗಡೆಯ ಕೆಳಗಿನ ಮೂಲೆ ಹೊಸ ದಾರದಲ್ಲಿ ಹೊಲಿದಿತ್ತು. ಅಲ್ಲಿಂದ ನೆಲದ ತನಕ, ಆ ಸ್ವಚ್ಛ ಬಿಳಿ ಗೋಡೆಯ ಮೇಲೆ, ಇರುವೆಯ ಸಾಲೊಂದು ಇಳಿದು ಹತ್ತುತ್ತಿತ್ತು. ಗ್ಯಾಲರಿಯ ಕೆಲಸದವನೊಬ್ಬ ಬಟ್ಟೆಯಿಂದ ಅದನ್ನು ಒರೆಸುವುದು, ಸಾಲು ಮತ್ತೆ ಕೂಡುವುದು. ಚಂದ್ರಾಮಪ್ಪ ಮೂಲೆಯನ್ನು ಬೆರಳಿನ ನಡುವೆ ಹಿಡಿದ. ಒಳಗೆ ಗಟ್ಟಿಯಾದದ್ದೇನೋ ಇತ್ತು.

ಹುಲಗಪ್ಪ ಜನರ ನಡುವೆ ನಿಂತಿದ್ದ. ಎರವಲು ತಂದಂಥ ಜಾಕೀಟು, ಬತ್ತಿದ ಮುಖ. ಸುರಪುರದ ಇನ್ಸ್‌ಪೆಕ್ಟರ್ ಎಂದು ಕಿವಿಯಲ್ಲಿ ಹೇಳಿದಾಗ ಅವನು ಬೆಚ್ಚಲಿಲ್ಲ. ಕೇಳಿದ ಮೊದಲ ಮಾತು, "ಆಯಿ ಅದಾಳೇನ್ರಿ?"

"ಅದಾಳ. ಒಳಗ ನಡಿ."

ಹಿಂದಿನ ಕೋಣೆಯಲ್ಲಿ ಕಟ್ಟಿಗೆಯ ಪೆಟ್ಟಿಗೆಗಳ ನಡುವೆ ಕೂತರು. ಗ್ಯಾಲರಿಯ ಒಡತಿ ಖುರ್ಷೀದಬೇಗಂ ಕೂಡ ಬಂದು ನಿಂತಳು. ಬೆಳ್ಳಗಾದ ಕೂದಲು, ನೇರ ನಿಲುವು. ತವರು ಗುರುಮಠಕಲ್, ಕನ್ನಡ ಮರೆತಿರಲಿಲ್ಲ.

"ಆ ಕೌದಿ ಯಾರದು?"

"ನಂದ್ರಿ."

"ನೀ ಹೊಲದಿ?"

"ಹಳೇ ಕೌದಿ. ಶಹಾಪುರದಾಗ ಭಾಂಡೆ ಮಾರಾಂವನ ಕಡೆ ತಗೊಂಡೆ."

"ಯಾರ ಮನೀದು?"

"ಅಂವ ಹೇಳಿಲ್ಲ. ನಾ ಕೇಳಿಲ್ಲ."

"ಮೂಲಿ ಯಾಕ ಹೊಲದಿ?"

"ಹರದಿತ್ತು."

"ಒಳಗ ಏನಿಟ್ಟಿ?"

ಹೊರಗೆ ಯಾರೋ ಭಾಷಣ ಶುರು ಮಾಡಿದ್ದರು.

"ಗ್ವಾಡಿಗೆ ಇರಿವಿ ಹತ್ಯಾವ ಹುಲಗಪ್ಪ. ಏನಿಟ್ಟಿ?"

"ರೊಟ್ಟಿ ತುಣುಕು. ಪದ್ಧತಿರಿ. ಕೌದಿ ಹಸದಿರಬಾರದು."

"ಹೊಸಾ ಕೌದಿಗೆ ಆ ಪದ್ಧತಿ. ಹಳೇದು ಹೊಲದ ದಿನಾನ ಉಂಡಿರತದ, ಮತ್ತೊಮ್ಮಿ ಯಾರೂ ಉಣಸಂಗಿಲ್ಲ. ಇದು ಇನ್ನೂ ಉಂಡಿಲ್ಲ ಅನ್ನೂದು ನಿನಗ ಹೆಂಗ ಗೊತ್ತಾತು?"

ಹುಲಗಪ್ಪನ ಮುಖದಲ್ಲಿ ಹಿಡಿದಿಟ್ಟದ್ದೆಲ್ಲ ಒಮ್ಮೆಲೇ ಇಳಿಯಿತು. ಕೈಯಲ್ಲಿ ಮುಖ ಮುಚ್ಚಿಕೊಂಡ.

"ಬಾಯಿ ತೆರಕೊಂಡು ಗ್ವಾಡಿ ಮ್ಯಾಲ ನಿಂತಿತ್ರಿ," ಅಂದ ಬೆರಳುಗಳ ಒಳಗಿಂದ. "ತೂಗಹಾಕಿದ ದಿನದಿಂದ ನನಗ ನಿದ್ದಿ ಇಲ್ಲ. ಅದು ಆಯಿನ ಕೇಳಾಕತ್ತದ ಅನಸ್ತು. ತಿಮ್ಮವ್ವತ್ತಿ ಕಟ್ಟಿದ ಭೋಗಿ ರೊಟ್ಟಿ ಉಳದಿತ್ತು. ಒಂದು ತುಣುಕು ಇಟ್ಟು ಹೊಲದೆ. ಉಂಡ ಮ್ಯಾಲ ಸುಮ್ಮನಾಗತದ, ಆಯಿ ಇನ್ನೊಂದೀಟು ದಿನ ಇರತಾಳ ಅಂತ."

"ತಿರುಗಿ ಒಯ್ದು ಇಡಾಂವ ಇದ್ದೇನು?"

"ಪ್ರದರ್ಶನ ಮುಗದ ಮ್ಯಾಲ ಇಡಬೇಕಂತಿದ್ದೆ."

"ಮತ್ತ ಆ ಕೆಂಪು ಚುಕ್ಕಿ?"

ಬಾಗಿಲ ಬಳಿಯಿಂದ ಖುರ್ಷೀದಬೇಗಂ ಮಾತಾಡಿದಳು. "ಮೇರೇಕು ಮಾಲೂಮ್ ನೈ ಥಾ, ಇನ್ಸ್‌ಪೆಕ್ಟರ್ ಸಾಬ್. ನನಗ ಖಬರ್ ಇರಲಿಲ್ಲ. ಆದ್ರ ಇವನಿಗೆ ಒಂದು ಮಾತು ಅಂದಿದ್ದು ಖರೆ. ನಿನ್ನ ಕೆಲಸ ಛಲೋ ಅದ ಬೇಟಾ, ಆದ್ರ ಇದರಾಗ ಯಾರೂ ಬಾಳಿಲ್ಲ. ಬಾಳಿದ್ದು ಒಂದು ತಾ, ಇಲ್ಲಂದ್ರ ಪ್ರದರ್ಶನ ಮುಂದಿನ ವರ್ಷ ನೋಡೋಣು ಅಂದೆ." ಒಂದು ಕ್ಷಣ ನಿಂತು, "ಮೂರು ವರ್ಷದಿಂದ ಮುಂದಿನ ವರ್ಷ ಅಂತ ಅಂದಿದ್ದೆ," ಎಂದಳು.

ಅವಳೇ ಹೊರಗೆ ಹೋಗಿ ಭಾಷಣ ನಿಲ್ಲಿಸಿದಳು. ಚೀಟಿಯನ್ನೂ ಚುಕ್ಕೆಯನ್ನೂ ಉಗುರಿನಿಂದ ಕೆರೆದು ತೆಗೆದಳು. ಅತಿಥಿಗಳಲ್ಲಿ ಇಬ್ಬರನ್ನು ಪಂಚರಾಗಿ ನಿಲ್ಲಿಸಿ ಜಪ್ತಿ ಪಂಚನಾಮೆ ಬರೆಯಲಾಯಿತು. ಕೌದಿಯನ್ನು ಇಳಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಹಾಕಿದರು. ಖಾಲಿ ಗೋಡೆಯ ಮೇಲೆ ಇರುವೆಗಳು ದಾರಿ ತಪ್ಪಿ ಅತ್ತಿತ್ತ ಓಡಾಡಿದವು.

ಸ್ಥಳೀಯ ಠಾಣೆಯಲ್ಲಿ ಬಂಧನದ ಕಾಗದ ಬರೆಯುವಾಗ ರಾಜಾಸಾಬ ಕೇಳಿದ. "ನಿನ್ನ ಹಿಡದದ್ದು ಯಾರಿಗೆ ತಿಳಸಬೇಕು? ಕಾನೂನು ಅದ. ಮನಿಯವರ ಹೆಸರು ಹೇಳು."

ಹುಲಗಪ್ಪ ಹೇಳಿದ. "ತಿಮ್ಮವ್ವ, ಬೋನಾಳ. ನನಗ ಬ್ಯಾರೆ ಯಾರಿಲ್ರಿ."

ರಾಜಾಸಾಬ ಪೆನ್ನು ಹಿಡಿದವನು ಹಾಗೇ ಇನ್ಸ್‌ಪೆಕ್ಟರನ ಮುಖ ನೋಡಿದ. ಚಂದ್ರಾಮಪ್ಪ ಹೊರಗೆ ಬಂದು ಹಂಪಮ್ಮನ ಫೋನಿಗೆ ಕರೆ ಮಾಡಿ, ತಿಮ್ಮವ್ವನಿಗೆ ಕೊಡಲು ಹೇಳಿದ. ಕೌದಿ ಸಿಕ್ಕಿತು ಎಂದ. ಆಮೇಲೆ ಹುಲಗಪ್ಪನ ಬಂಧನವನ್ನೂ ಹೇಳಿದ; ಕಾನೂನಿನಂತೆ ಹೇಳಲೇಬೇಕಾದ್ದರಿಂದ ಹೇಳಿದ.

"ಉಂಡಾನೇನ್ರಿ ಅಂವ?" ಎಂದಳು ತಿಮ್ಮವ್ವ.

*

ಮುಂಜಾನೆಯ ರೈಲಿನಲ್ಲಿ ಹುಲಗಪ್ಪ ಕಿಟಕಿಯ ಬಳಿ ಕೂತಿದ್ದ. ಅವನ ಮಣಿಕಟ್ಟನ್ನು ರಾಜಾಸಾಬ ಹಿಡಿದಿದ್ದ, ಜಾತ್ರೆಯಲ್ಲಿ ಮಕ್ಕಳ ಕೈ ಹಿಡಿದಂತೆ. ಎದುರಿಗೆ ಚಂದ್ರಾಮಪ್ಪನ ತೊಡೆಯ ಮೇಲೆ ಮುದ್ರೆ ಹಾಕಿದ ಗಂಟು.

"ಒಂದು ಕೇಳತೀನಿ. ಇದನ್ನ ಬರಕೊಳ್ಳಂಗಿಲ್ಲ," ಅಂದ ಚಂದ್ರಾಮಪ್ಪ. "ಆಕಿ ಜೀವ ಇದರಾಗ ಅದ ಅನ್ನೂದು ನಿನಗಿಂತ ಚೊಲೊ ಯಾರಿಗೂ ಗೊತ್ತಿಲ್ಲ. ಆದ್ರೂ ಹೆಂಗ ಕೈ ಬಂತು?"

ಹುಲಗಪ್ಪ ಹೊರಗೆ ನೋಡುತ್ತಲೇ ಹೇಳಿದ. "ಮೂರು ವರ್ಷ ಹೊಲದೀನ್ರಿ. ಬೆರಳು ನೋಡ್ರಿ. ಬ್ಯಾರೆಯವರ ಜೋಡಿ ನಂದೂ ಒಂದು ತೂಗಹಾಕ್ತಾರ, ಜನ ಬರತಾರ, ವೈನ್ ಕುಡೀತಾರ, ಸುಂದರ ಅದ ಅಂತಾರ, ಹೋಗತಾರ. ಯಾರೂ ನಿಂದ್ರಂಗಿಲ್ಲ. 'ಇಲ್ಲಿ ಒಬ್ಬ ಅದಾನ' ಅಂತ ಯಾರೂ ತಿರುಗಿ ನೋಡಂಗಿಲ್ಲ. ಆಯಿ ಕೌದಿ ತೂಗಹಾಕಿದ ದಿನ ಒಬ್ಬ ಹೆಣ್ಣಮಗಳು ಅದರ ಮುಂದ ನಿಂತು ಅತ್ಳು. ಆಮ್ಯಾಲ ತಿರುಗಿ ನನ್ನ ಕೈ ಹಿಡದು ಇದನ್ನ ಹೊಲದದ್ದು ನೀವೇನು ಅಂತ ಕೇಳಿದ್ಳು." ಅವನು ಬೆರಳು ಮಡಚಿಕೊಂಡ. "ಹೌದು, ನಾನ ಅಂದೆ."

ರಾಜಾಸಾಬ ಹಿಡಿದ ಕೈಯನ್ನು ಸಡಿಲಿಸಿದ, ಬಿಡಲಿಲ್ಲ.

ಯಾದಗಿರಿಯಲ್ಲಿ ಇಳಿಯುವಾಗ ಹಂಪಮ್ಮನ ಫೋನ್ ಬಂತು. ಬೆಳಗಿನ ಜಾವ ದೇವಕಮ್ಮ ಹೋದಳು. ರಾತ್ರಿ ತಿಮ್ಮವ್ವ ಕಿವಿಯಲ್ಲಿ, ಕೌದಿ ಸಿಕ್ಕಾದ ಯವ್ವ, ಬರಾಕತ್ತದ ಎಂದಿದ್ದಳಂತೆ. ಮುದುಕಿ, "ಹಂಗಾರ ನಾ ಮುಂದ ನಡದಿರತೀನಿ, ಹಿಂದಿಂದ ಕಳಸ್ರಿ" ಎಂದು ಕಣ್ಣು ಮುಚ್ಚಿದಳಂತೆ. "ಹೊತ್ತು ಮುಳುಗೋದ್ರಾಗ ಮಣ್ಣು ಮಾಡಬೇಕು ಅಂತಾರ್ರಿ ಸರ್. ಬರತೀರೇನು?"

ಚಂದ್ರಾಮಪ್ಪ ಗಂಟಿನ ಕಡೆ ನೋಡಿದ. ಅದು ಈಗ ಕೌದಿಯಲ್ಲ, ಕೋರ್ಟಿಗೆ ಒಪ್ಪಿಸಬೇಕಾದ ಮುದ್ದೆಮಾಲು. ನ್ಯಾಯಾಧೀಶರ ಅಪ್ಪಣೆಯಿಲ್ಲದೆ ಅವನು ಆ ಅರಗಿನ ಮುದ್ರೆ ಒಡೆಯುವಂತಿರಲಿಲ್ಲ. ಇಂಥ ಮಾಲನ್ನು ಒಡೆಯರಿಗೆ, ಕೇಳಿದಾಗ ತಿರುಗಿ ಹಾಜರುಪಡಿಸುವ ಷರತ್ತಿನ ಮೇಲೆ ಕೊಡುವುದು ರೂಢಿ. ಮಣ್ಣಿಗೆ ಹೋದದ್ದನ್ನು ತಿರುಗಿ ಯಾರು ಹಾಜರುಪಡಿಸುತ್ತಾರೆ?

ಜೀಪು ಶಹಾಪುರ ದಾಟಿ ಸುರಪುರ ಸೇರುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ನ್ಯಾಯಾಲಯದಲ್ಲಿ ಆರೋಪಿಯನ್ನು ಹಾಜರುಪಡಿಸಿದರು. ಸ್ಥಳ ತೋರಿಸುವ ಪಂಚನಾಮೆಗಾಗಿ ಒಂದು ದಿನದ ಪೊಲೀಸ್ ಕಸ್ಟಡಿ ಸಿಕ್ಕಿತು. ಆಮೇಲೆ ಚಂದ್ರಾಮಪ್ಪ ಕೌದಿಯ ಅರ್ಜಿ ಕೊಟ್ಟ. ನ್ಯಾಯಾಧೀಶರು ಎರಡು ಸಲ ಓದಿದರು.

"ಸಾಕ್ಷ್ಯವನ್ನು ಹೂಳಲು ಅನುಮತಿ ಕೇಳುತ್ತಿದ್ದೀರಿ."

"ಹೌದು ಸ್ವಾಮಿ. ಫೋಟೋ ತೆಗೆಸಿದ್ದೇವೆ, ಪಂಚನಾಮೆ ಇದೆ."

ನ್ಯಾಯಾಧೀಶರು ಕಟಕಟೆಯತ್ತ ತಿರುಗಿದರು. "ಈ ವಸ್ತುವಿನ ಮೇಲೆ ನಿನ್ನ ಹಕ್ಕೇನಾದರೂ ಇದೆಯೇ?"

ಹುಲಗಪ್ಪ ತಲೆ ಎತ್ತಿದ. "ಇಲ್ರಿ. ಅದು ಆಯೀದು. ನಾನು ಒಂದು ಹೊಲಿಗಿ ಹಾಕಿಲ್ಲ." ತಕ್ಷಣ ತಿದ್ದಿಕೊಂಡ. "ಒಂದು ಮೂಲಿ ಹೊಲದೀನಿ. ಅಷ್ಟ."

ಆಜ್ಞೆಯ ಪ್ರತಿ ಕೈಗೆ ಬರುವ ಹೊತ್ತಿಗೆ ಬಿಸಿಲು ಪಡುವಣಕ್ಕೆ ವಾಲಿತ್ತು. ಚಾಲಕನಿಗೆ ಯಾರೂ ಬೇಗ ಎಂದು ಹೇಳಬೇಕಾಗಲಿಲ್ಲ.

ಬೋನಾಳದಲ್ಲಿ ದೇವಕಮ್ಮನನ್ನು ಸ್ನಾನ ಮಾಡಿಸಿ ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ಕುಣಿ ತೋಡಿ ಬಂದ ಗಂಡಸರು ಕಟ್ಟೆಯ ಮೇಲೆ ಕಾಯುತ್ತಿದ್ದರು. ಜೀಪಿನಿಂದ ಹುಲಗಪ್ಪ ಇಳಿದಾಗ ಓಣಿಯೆಲ್ಲ ಎದ್ದು ನಿಂತಿತು. ಒಬ್ಬ ಉಗುಳಿದ. ಇನ್ನೊಬ್ಬ, "ಇವನಿಗೆ ಉಣಿಸಿದ್ದಕ್ಕ ಆಯಿಗೆ ಈ ಗತಿ" ಎಂದು ಮುಂದೆ ಬಂದ. ರಾಜಾಸಾಬ ಅಡ್ಡ ನಿಂತ. ತಿಮ್ಮವ್ವ ಹೊಸ್ತಿಲಿಗೆ ಬಂದು ಕೈ ಎತ್ತಿದಳು, ಎಲ್ಲರೂ ಸುಮ್ಮನಾದರು.

ಪಂಚರ ಎದುರು ಹುಲಗಪ್ಪ ಸಂದೂಕ ತೋರಿಸಿದ, ಹೇಗೆ ಒಯ್ದೆನೆಂದು ಹೇಳಿದ. ರಾಜಾಸಾಬ ಬರೆದುಕೊಂಡ. ಆಮೇಲೆ ಚಂದ್ರಾಮಪ್ಪ ಮುದ್ರೆ ಒಡೆದು ಕೌದಿಯನ್ನು ಅಂಗಳದಲ್ಲಿ ಹರವಿದ. ಹೆಂಗಸರ ನಡುವಿನಿಂದ ಒಂದು ಉಸಿರು ಎದ್ದು ಬಂತು. ತಿಮ್ಮವ್ವ ಹೊಲಿದ ಮೂಲೆಯನ್ನು ನೋಡಿದಳು, ಮುಟ್ಟಲಿಲ್ಲ.

"ಹೊಲದಾಂವನ ಬಿಚ್ಚಲಿ," ಅಂದಳು. "ಬ್ಯಾರೆಯವರು ಬಿಚ್ಚಬಾರದು."

ಚಂದ್ರಾಮಪ್ಪ ರಾಜಾಸಾಬನ ಕಡೆ ನೋಡಿದ. ರಾಜಾಸಾಬ ಹುಲಗಪ್ಪನ ಮಣಿಕಟ್ಟು ಬಿಟ್ಟ.

ಹುಲಗಪ್ಪ ಕೌದಿಯ ಮುಂದೆ ಮಂಡಿಯೂರಿ ಕೂತ. ಕತ್ತರಿ ಕೇಳಲಿಲ್ಲ. ತನ್ನ ಹೊಲಿಗೆಯ ಗಂಟು ಹುಡುಕಿ ಹಲ್ಲಿನಿಂದ ಕಡಿದು, ಹಳೆಯ ಬಟ್ಟೆಗೆ ನೋವಾಗದಂತೆ ಒಂದೊಂದೇ ಎಳೆ ಹಿರಿದ. ಎರಡು ಬೆರಳು ಹಾಕಿ ಒಳಗಿದ್ದ ರೊಟ್ಟಿಯ ಚೂರನ್ನೂ ಪುಡಿಯನ್ನೂ ತೆಗೆದ. ಒಳಗೆ ಉಳಿದಿದ್ದ ಇರುವೆಯೊಂದನ್ನು ಊದಿ ಹೊರಗೆ ಕಳಿಸಿದ. ಬಾಯಿ ಮೊದಲಿನಂತೆ ತೆರೆದುಕೊಂಡಿತು. ಅವನು ಕೌದಿಯನ್ನು ನಾಲ್ಕು ಮಡಿಕೆ ಮಾಡಿ, ತೆರೆದ ಮೂಲೆ ಮೇಲೆ ಬರುವಂತೆ ತಿರುಗಿಸಿ, ಎದ್ದು ನಿಂತು ಎರಡೂ ಕೈಯಲ್ಲಿ ತಿಮ್ಮವ್ವನ ಮುಂದೆ ಹಿಡಿದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈ ನೀಡಿ ಇಸಕೊಂಡಳು.